ಬಾಸ್ ಬದಲಾಗಲ್ಲ ಅಂತ ಗೊತ್ತು. ನಾನು ಕೌನ್ಸೆಲಿಂಗ್‌ಗೆ ಹೋದರೆ ಏನಾದರೂ ಉಪಯೋಗ ಇದೆಯಾ?

ನಿದ್ದೆಗೆಟ್ಟವಳು:

ಒಂಬತ್ತು ವರ್ಷದಿಂದ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಕೆಲಸ ಗೊತ್ತು, ಕೆಲಸ ಇಷ್ಟವೂ ಹೌದು. ಎಂಟು ತಿಂಗಳ ಹಿಂದೆ ಹೊಸ ಮ್ಯಾನೇಜರ್ ಬಂದರು. ಆವತ್ತಿನಿಂದ ನೆಮ್ಮದಿ ಹೋಯಿತು.

ಹೋದ ವಾರದ್ದೇ ಹೇಳುತ್ತೇನೆ. ರಾತ್ರಿ ಒಂಬತ್ತೂವರೆಗೆ ಅವರಿಂದ ಒಂದು ಮೆಸೇಜ್. ‘ನಾಳೆ ಮಾತಾಡಬೇಕು.’ ಅಷ್ಟೇ, ಮುಂದೆ ಏನೂ ಇಲ್ಲ. ಫೋನ್ ಕವುಚಿ ಇಟ್ಟೆ. ಮತ್ತೆ ತೆಗೆದು ನೋಡಿದೆ. ಕೊನೆಗೆ ಮೂರು ತಿಂಗಳಲ್ಲಿ ಕಳಿಸಿದ ಫೈಲುಗಳನ್ನೆಲ್ಲ ತೆರೆದು, ಎಲ್ಲಿ ತಪ್ಪಾಗಿರಬಹುದು ಅಂತ ಹುಡುಕುತ್ತಾ ಕೂತೆ. ಬೆಳಗಿನ ಜಾವ ನಾಲ್ಕಾದರೂ ಎದ್ದಿದ್ದೆ. ಆಫೀಸಿಗೆ ಹೋದರೆ ಅವರು ಕೇಳಿದ್ದು, ಮುಂದಿನ ತಿಂಗಳು ಯಾರು ಯಾರು ರಜೆ ಹಾಕುತ್ತಾರೆ ಅಂತ.

ಹಾಗಂತ ಎಲ್ಲವೂ ನನ್ನ ಕಲ್ಪನೆ ಅಲ್ಲ. ಎರಡು ಸಲ ಮೀಟಿಂಗ್‌ನಲ್ಲಿ ಎಲ್ಲರ ಎದುರು ‘ಇಷ್ಟು ವರ್ಷ ಇಲ್ಲಿ ಏನು ಮಾಡ್ತಿದ್ರಿ ನೀವು?’ ಅಂತ ಕೂಗಿದ್ದಾರೆ. ಯಾರೂ ಬಾಯಿ ಬಿಡಲಿಲ್ಲ. ಈಗ ಭಾನುವಾರ ಸಂಜೆ ಆಯಿತು ಅಂದರೆ ಹೊಟ್ಟೆ ಕಿವುಚುತ್ತದೆ. ಮೂರು ಸಾಲಿನ ಮೇಲ್ ಬರೆಯಲು ಅರ್ಧ ಗಂಟೆ ಬೇಕು.

ಗೆಳತಿ ಕೌನ್ಸೆಲಿಂಗ್‌ಗೆ ಹೋಗು ಅನ್ನುತ್ತಾಳೆ. ನನಗೆ ಅರ್ಥವಾಗದ್ದು ಒಂದೇ. ತೊಂದರೆ ಕೊಡುತ್ತಿರುವವರು ಅವರು. ಹೋಗಿ ಕೂತು ಅಳಬೇಕಾದವಳು ನಾನಾ? ಅವರು ಬದಲಾಗದೆ ಇದ್ದರೆ ಕೌನ್ಸೆಲರ್ ತಾನೇ ಏನು ಮಾಡಿಯಾರು? ಹೋಗಿ ಬಂದವರು ದಯವಿಟ್ಟು ಹೇಳಿ.

ರಾತ್ರಿ ಪಾಳಿ ಸಿಸ್ಟರ್:

ತಂಗೀ, ನಾನು ಇಪ್ಪತ್ತೊಂದು ವರ್ಷದಿಂದ ನರ್ಸ್. ನಾಲ್ಕು ವರ್ಷದ ಹಿಂದೆ ಒಂದು ರಾತ್ರಿ ಡ್ಯೂಟಿಗೆ ಬಂದು ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಕೂತೆ. ಒಂದು ಕಾಲಿಗೆ ಶೂ ಹಾಕಿದೆ. ಇನ್ನೊಂದು ಹಾಕಲು ಆಗಲಿಲ್ಲ. ಅಳು ಬರಲಿಲ್ಲ, ಕೋಪವೂ ಬರಲಿಲ್ಲ. ಕೈ ಏಳಲಿಲ್ಲ, ಅಷ್ಟೇ. ಹುಡುಕಿಕೊಂಡು ಬಂದ ಜೂನಿಯರ್ ಹುಡುಗಿ ಏನೂ ಕೇಳದೆ ನೆಲಕ್ಕೆ ಕೂತು ನನ್ನ ಲೇಸ್ ಕಟ್ಟಿದಳು. ಆ ಹುಡುಗಿಯೇ ಮಾರನೇ ದಿನ ಕೌನ್ಸೆಲರ್ ನಂಬರ್ ಕೊಟ್ಟಿದ್ದು.

ಆದರೆ ಮೊದಲು ಡಾಕ್ಟರಿಗೆ ತೋರಿಸಿದೆ, ನೀನೂ ತೋರಿಸು. ಥೈರಾಯ್ಡ್ ತೊಂದರೆ, ರಕ್ತಹೀನತೆ, ಬಿ12 ಕೊರತೆ, ಇವೆಲ್ಲ ಸುಸ್ತು, ಬೇಸರದ ವೇಷದಲ್ಲೇ ಬರುತ್ತವೆ. ನನಗೆ ಹಿಮೋಗ್ಲೋಬಿನ್ ಕಡಿಮೆ ಇತ್ತು. ಮಾತ್ರೆ ತಗೊಂಡ ಮೇಲೆ ಸುಸ್ತು ಎಷ್ಟೋ ಇಳಿಯಿತು. ವಾರ್ಡ್ ಬಾಗಿಲು ಕಂಡರೆ ಎದೆ ಭಾರವಾಗುವುದು ಮಾತ್ರ ನಿಲ್ಲಲಿಲ್ಲ.

ಕೌನ್ಸೆಲರ್ ಹತ್ತಿರ ನಾನು ಹೇಳಿದ ಮೊದಲ ಮಾತು ‘ಈ ಕೆಲಸವೇ ಬೇಡ’ ಅಂತ. ಆಯಿತು ಬಿಡಿ ಅಂದರು. ಬಿಡುವ ಮೊದಲು ಎರಡು ವಾರ ಒಂದು ಡೈರಿ ಇಡಿ, ಯಾವ ಹೊತ್ತಿನಲ್ಲಿ ಏನು ನಡೆದಾಗ ಸಾಕಪ್ಪಾ ಅನ್ನಿಸಿತು ಅಂತ ಅಲ್ಲೇ ಬರೆದುಬಿಡಿ ಅಂದರು. ಬರೆದೆ. ರೋಗಿಗಳ ಹೆಸರು ಅದರಲ್ಲಿ ಒಂದೂ ಬರಲಿಲ್ಲ. ರಾತ್ರಿ ಪಾಳಿಯೂ ಬರಲಿಲ್ಲ. ಪದೇ ಪದೇ ಬಂದಿದ್ದು, ಹಿಂದಿನ ದಿನ ಸಂಜೆ ಫೋನ್ ಮಾಡಿ ಡ್ಯೂಟಿ ಬದಲಾಯಿಸುವುದು. ನಾನು ಬಿಡಲು ಹೊರಟಿದ್ದು ನರ್ಸಿಂಗ್. ನನ್ನನ್ನು ಹಿಂಡುತ್ತಿದ್ದದ್ದು ಡ್ಯೂಟಿ ಪಟ್ಟಿ.

ಅದನ್ನು ಹಿಡಿದುಕೊಂಡು ಮೇಲಿನವರ ಹತ್ತಿರ ಹೋದೆ. ಕೇಳಿದ್ದರಲ್ಲಿ ಅರ್ಧ ಸಿಕ್ಕಿತು. ಅರ್ಧ ಸಿಕ್ಕಿದ್ದಕ್ಕೇ ಇವತ್ತಿಗೂ ಕೆಲಸದಲ್ಲಿದ್ದೇನೆ.

ಸಂಘದ ಕಡೆಯವನು:

ನನ್ನ ಮಾತು ಸ್ವಲ್ಪ ಖಾರ ಅನ್ನಿಸಬಹುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸ ಇದು. ಕೂಗಾಡುವವರು ಒಬ್ಬರು, ಉಸಿರಾಟದ ವ್ಯಾಯಾಮ ಮಾಡಬೇಕಾದವರು ಇನ್ನೊಬ್ಬರು. ಹದಿನಾಲ್ಕು ವರ್ಷದಿಂದ ನೌಕರರ ಸಂಘದ ಕೆಲಸ ನೋಡುತ್ತಿದ್ದೇನೆ. ಮೂರು ಜನರ ಕೆಲಸ ಒಬ್ಬನ ತಲೆಗೆ ಕಟ್ಟುತ್ತಾರೆ. ಅವನು ಕುಸಿದಾಗ ‘ನಿಮಗೆ ಒತ್ತಡ ನಿಭಾಯಿಸಲು ಬರಲ್ಲ, ಕೌನ್ಸೆಲಿಂಗ್‌ಗೆ ಹೋಗಿ’ ಅನ್ನುತ್ತಾರೆ. ತಪ್ಪು ಸದ್ದಿಲ್ಲದೆ ಅವನ ಹೆಗಲಿಗೆ ಜಾರಿತು, ಅಲ್ವಾ?

ಇದು ನನ್ನೊಬ್ಬನ ಮಾತಲ್ಲ. ಕೆಲಸದ ಬೇಡಿಕೆ ಜಾಸ್ತಿ ಇದ್ದು, ಅದನ್ನು ಹೇಗೆ ಮಾಡಬೇಕು ಅಂತ ತೀರ್ಮಾನಿಸುವ ಸ್ವಾತಂತ್ರ್ಯ ಕಡಿಮೆ ಇದ್ದರೆ ಮನುಷ್ಯ ಹೆಚ್ಚು ಬಳಲುತ್ತಾನೆ ಅಂತ ರಾಬರ್ಟ್ ಕರಾಸೆಕ್ ಅನ್ನುವ ಸಂಶೋಧಕರು 1979ರಲ್ಲೇ ಬರೆದರು. ಸಿಸ್ಟರ್ ಹೇಳಿದ ಡ್ಯೂಟಿ ಪಟ್ಟಿ ಕಥೆ ಅದೇ ಅಲ್ಲವೇ? ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟ ಮಾರ್ಗಸೂಚಿಯೂ ನೌಕರನನ್ನು ಮಾತ್ರ ತಿದ್ದಿ ಅನ್ನುವುದಿಲ್ಲ. ಕೆಲಸದ ರೀತಿ ಸರಿ ಮಾಡಿ, ಮ್ಯಾನೇಜರ್‌ಗಳಿಗೂ ತರಬೇತಿ ಕೊಡಿ ಅನ್ನುತ್ತದೆ. ಕೆಲಸದ ಜಾಗದ ಹಿಂಸೆ, ಕಿರುಕುಳದ ವಿರುದ್ಧ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲಿ 190ನೇ ಒಪ್ಪಂದವನ್ನೇ ತಂದಿತು. ಮೈಗೆ ಕೈ ಹಚ್ಚುವುದಷ್ಟೇ ಅಲ್ಲ, ಮನಸ್ಸಿಗೆ ಪೆಟ್ಟು ಕೊಡುವ ನಡವಳಿಕೆಯೂ ಅದರ ಲೆಕ್ಕಕ್ಕೆ ಬರುತ್ತದೆ.

ಅಮ್ಮಾ, ನೀವು ಮೊದಲು ಆ ಎರಡು ಮೀಟಿಂಗ್‌ಗಳ ತಾರೀಕು, ಹೊತ್ತು, ಆಡಿದ ಮಾತು, ಯಾರು ಯಾರು ಇದ್ದರು, ಎಲ್ಲ ಬರೆದಿಡಿ. ಇವತ್ತೇ ಬರೆಯಿರಿ. ಆರು ತಿಂಗಳ ಮೇಲೆ ನೆನಪು ಕೈ ಕೊಡುತ್ತದೆ.

ಆಪ್ತಸಮಾಲೋಚಕಿ:

ನಾನು ಇದೇ ವೃತ್ತಿಯಲ್ಲಿದ್ದೇನೆ. ಸಂಘದ ಸರ್ ಹೇಳಿದ್ದಕ್ಕೆ ನನ್ನ ತಕರಾರು ಇಲ್ಲ. ತಾರೀಕು ಹಾಕಿ ಬರೆದಿಡಿ ಅಂತ ನನ್ನ ಹತ್ತಿರ ಬಂದವರಿಗೂ ಹೇಳುತ್ತೇನೆ.

‘ಬರ್ನ್‌ಔಟ್’ ಅನ್ನುವ ಮಾತನ್ನು, ಕೆಲಸದ ಒತ್ತಡದಲ್ಲಿ ಬಳಲಿ ಬೆಂದುಹೋಗುವುದು ಅನ್ನುವ ಅರ್ಥದಲ್ಲಿ, 1974ರಲ್ಲಿ ಬರೆದವರು ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್. ಉಚಿತ ಚಿಕಿತ್ಸಾಲಯಗಳಲ್ಲಿ ಮನಸ್ಸಿಟ್ಟು ದುಡಿಯುತ್ತಿದ್ದವರು ಬರಬರುತ್ತಾ ಬತ್ತಿಹೋಗುವುದನ್ನು ಅವರು ಕಣ್ಣಾರೆ ಕಂಡಿದ್ದರು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಅದಕ್ಕೆ ಜಾಗ ಸಿಕ್ಕಿದೆ, ಆದರೆ ಕಾಯಿಲೆ ಅಂತಲ್ಲ, ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿ ಅಂತ. ಗುರುತು ಮೂರು: ಶಕ್ತಿಯೆಲ್ಲ ಸೋರಿಹೋದ ಹಾಗೆ ಆಗುವುದು, ಕೆಲಸದಿಂದ ಮನಸ್ಸು ದೂರವಾಗುವುದು, ನನ್ನ ಕೈಲಿ ಏನೂ ಆಗುತ್ತಿಲ್ಲ ಅನ್ನಿಸುವುದು. ಬೇರು ಕೆಲಸದ ಜಾಗದಲ್ಲಿದೆ ಅಂತ ಅವರೂ ಒಪ್ಪಿದ್ದಾರೆ.

ಆದರೆ ಕಚೇರಿ ಸರಿಹೋಗುವ ತನಕ ನಿಮ್ಮ ನಿದ್ದೆ ಕಾಯುತ್ತದಾ? ನಾನು ಹೇಳಬೇಕಾದದ್ದು ಇಲ್ಲಿಂದ ಶುರು.

ನೀವು ಎರಡು ಘಟನೆ ಬರೆದಿದ್ದೀರಿ. ಒಂದು, ‘ನಾಳೆ ಮಾತಾಡಬೇಕು’ ಅನ್ನುವ ಮೆಸೇಜ್. ಇನ್ನೊಂದು, ಎಲ್ಲರ ಎದುರು ಕೂಗಿದ್ದು. ಹೊಟ್ಟೆಯಲ್ಲಿ ಎರಡೂ ಒಂದೇ ಥರ ಕಿವುಚುತ್ತವೆ. ಆದರೆ ಎರಡೂ ಬೇರೆ ಬೇರೆ. ಮೊದಲನೆಯದರಲ್ಲಿ ಬಂದದ್ದು ಎರಡು ಪದ. ಉಳಿದ ಕಥೆಯನ್ನೆಲ್ಲ ಹೆದರಿದ ಮನಸ್ಸು ಕಟ್ಟಿತು. ಎರಡನೆಯದನ್ನು ಮನಸ್ಸು ಕಟ್ಟಲಿಲ್ಲ, ಅದು ಆಗಿದ್ದೇ ಹಾಗೆ. ಮೊದಲನೆಯದಕ್ಕೆ ಮನಸ್ಸಿನ ಕೆಲಸ ಬೇಕು. ಎರಡನೆಯದಕ್ಕೆ ದಾಖಲೆ, ದೂರು, ಬೆಂಬಲ ಬೇಕು. ತುಂಬ ದಿನ ಹೆದರಿಕೆಯಲ್ಲಿದ್ದವರಿಗೆ ಇವೆರಡೂ ಗಂಟು ಬಿದ್ದಿರುತ್ತವೆ. ಆ ಗಂಟು ಬಿಡಿಸಲು ಕೂತುಕೊಳ್ಳುವುದೇ ಕೌನ್ಸೆಲಿಂಗ್. ನನ್ನ ಮಟ್ಟಿಗೆ ಅದರ ಮುಖ್ಯ ಕೆಲಸ ಇದೇ.

1984ರಲ್ಲಿ ಲಜಾರಸ್ ಮತ್ತು ಫೋಕ್‌ಮನ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಸೇರಿ ಇದನ್ನು ಚೆನ್ನಾಗಿ ವಿಂಗಡಿಸಿದರು. ತೊಂದರೆಗೇ ಕೈ ಹಾಕುವ ದಾರಿ ಒಂದು, ತೊಂದರೆಯಿಂದ ಮನಸ್ಸಿಗೆ ಆಗುವ ಸಂಕಟವನ್ನು ನೋಡಿಕೊಳ್ಳುವ ದಾರಿ ಇನ್ನೊಂದು. ಎರಡೂ ಬೇಕು. ಯಾವುದನ್ನು ಎಲ್ಲಿ ಅನ್ನುವುದರಲ್ಲೇ ಎಡವುತ್ತೇವೆ. ಕೂಗಾಟಕ್ಕೆ ಉಸಿರಾಟದ ವ್ಯಾಯಾಮ ಹೇಳಿ ಅಲ್ಲಿಗೇ ನಿಲ್ಲಿಸುವ ಕೌನ್ಸೆಲರ್ ತಮ್ಮ ಕೆಲಸವನ್ನು ಅರ್ಧವೇ ಮಾಡಿದ್ದಾರೆ.

ಮೊದಲ ಭೇಟಿ ಸಾಮಾನ್ಯವಾಗಿ 45ರಿಂದ 60 ನಿಮಿಷ ಇರುತ್ತದೆ. ಏನು ನಡೆಯುತ್ತಿದೆ, ನಿದ್ದೆ, ಹಸಿವು ಹೇಗಿದೆ, ಮನೆಯಲ್ಲಿ ಯಾರಿದ್ದಾರೆ, ಇಲ್ಲಿಂದ ಏನು ಬೇಕು ಅಂತ ಕೇಳುತ್ತಾರೆ. ಕೆಲವರು ಒಂಬತ್ತು ಪ್ರಶ್ನೆಯ ಒಂದು ಹಾಳೆ ಕೊಡುತ್ತಾರೆ. ಹಿಂದಿನ ಎರಡು ವಾರದಲ್ಲಿ ಬೇಸರ, ನಿದ್ದೆ, ಸುಸ್ತು ಇವೆಲ್ಲ ಎಷ್ಟು ದಿನ ಕಾಡಿದವು ಅಂತ ಅದರಲ್ಲಿ ಗುರುತು ಹಾಕಬೇಕು. ಅದು ಪರೀಕ್ಷೆ ಅಲ್ಲ, ಖಿನ್ನತೆ ಇದೆಯಾ ಅಂತ ಮೊದಲ ಹಂತದಲ್ಲಿ ನೋಡುವ ಅಳತೆ ಅಷ್ಟೇ. ಕೊನೆಯ ಪ್ರಶ್ನೆ, ಬದುಕಿರುವುದೇ ಬೇಡ ಅನ್ನಿಸಿದೆಯಾ ಅಂತ. ಅದಕ್ಕೆ ಹೌದು ಅನ್ನುವುದಿದ್ದರೆ ಮುಚ್ಚಿಡಬೇಡಿ. ಅಂಥ ಯೋಚನೆ ಈಗಲೇ ಬರುತ್ತಿದ್ದರೆ ಅಪಾಯಿಂಟ್‌ಮೆಂಟ್ ದಿನಕ್ಕೆ ಕಾಯಬೇಡಿ. ಹತ್ತಿರದವರನ್ನು ಕರೆದುಕೊಂಡು ಅವತ್ತೇ ಆಸ್ಪತ್ರೆಗೆ ಹೋಗಿ.

ಯಾರ ಹತ್ತಿರ ಹೋಗಬೇಕು ಅನ್ನುವುದೂ ಗೊಂದಲವೇ. ಮಾತ್ರೆ ಬರೆದುಕೊಡುವವರು ಮನೋವೈದ್ಯರು. ಕೌನ್ಸೆಲರ್ ಬರೆಯುವುದಿಲ್ಲ, ಅಗತ್ಯ ಕಂಡರೆ ಮನೋವೈದ್ಯರ ಹತ್ತಿರ ಕಳಿಸುತ್ತಾರೆ. ಯಾವ ಕೆಲಸ ಹೊಂದುತ್ತದೆ, ಮುಂದೇನು ಅನ್ನುವುದೇ ಮುಖ್ಯ ಪ್ರಶ್ನೆ ಆಗಿದ್ದರೆ ವೃತ್ತಿ ಮಾರ್ಗದರ್ಶಕರು ಬೇರೆ ಇದ್ದಾರೆ.

ಇನ್ನೊಂದು ಮಾತು. ನಿಮ್ಮ ಭಾಷೆ ಬರುವವರನ್ನೇ ಹುಡುಕಿ. ತಳಮಳ, ಸಂಕಟ, ಕಸಿವಿಸಿ, ಈ ಮೂರೂ ಬೇರೆ ಬೇರೆ ಅಂತ ಕೇಳಿದ ಕೂಡಲೇ ಗೊತ್ತಾಗುವವರು ಎದುರಿಗಿದ್ದರೆ ಅರ್ಧ ದಾರಿ ಸವೆದ ಹಾಗೆ.

ಎರಡನೇ ಸಲ ಹೋದವನು:

ಮೇಡಂ ಹೇಳಿದ್ದು ಚೆನ್ನಾಗಿದೆ. ಆದರೆ ಎಲ್ಲರೂ ಹಾಗಿರಲ್ಲ. ನನ್ನದೂ ಹೇಳಿಬಿಡುತ್ತೇನೆ.

ಮೊದಲು ಹೋದ ಕಡೆ ಅವರು ಹತ್ತು ನಿಮಿಷ ಕೇಳಿದರು. ಆಮೇಲೆ ತಮ್ಮ ಕಷ್ಟದ ದಿನಗಳ ಕಥೆ ಶುರು ಮಾಡಿದರು. ಹೊರಡುವಾಗ ‘ಪಾಸಿಟಿವ್ ಆಗಿ ಯೋಚಿಸಿ, ಎಲ್ಲ ಸರಿಹೋಗುತ್ತೆ’ ಅಂದರು. ಮೆಟ್ಟಿಲಿಳಿಯುವಾಗ ನನಗೆ ಅನ್ನಿಸಿದ್ದು, ಓದಿ ಬಂದವರ ಕೈಲೂ ನನ್ನನ್ನು ಸರಿ ಮಾಡಲು ಆಗಲಿಲ್ಲ ಅಂತ. ಅದರಿಂದ ಆದ ನಷ್ಟ ದೊಡ್ಡದು. ಒಂದು ವರ್ಷ ಎಲ್ಲೂ ಹೋಗಲಿಲ್ಲ.

ಎರಡನೆಯವರ ಹತ್ತಿರ ಹೋದಾಗ ಶುರುವಿನಲ್ಲೇ ಕೇಳಿದೆ. ಏನು ಓದಿದ್ದೀರಿ, ಕೆಲಸದ ತೊಂದರೆ ಇಟ್ಟುಕೊಂಡು ಬಂದವರನ್ನು ನೋಡಿದ ಅನುಭವ ಇದೆಯಾ, ಸುಮಾರು ಎಷ್ಟು ಸಲ ಬರಬೇಕಾಗಬಹುದು, ಉಪಯೋಗ ಆಗುತ್ತಿದೆ ಅಂತ ಹೇಗೆ ತಿಳಿಯುವುದು. ಅವರು ಒಂದಕ್ಕೂ ಬೇಸರ ಮಾಡಿಕೊಳ್ಳಲಿಲ್ಲ. ಮೂರು ಸಲ ಬನ್ನಿ, ಆಮೇಲೆ ಇಬ್ಬರೂ ಕೂತು ಮುಂದುವರಿಸುವುದಾ ಬೇಡವಾ ನೋಡೋಣ ಅಂದರು. ಅದನ್ನು ಕೇಳಿಯೇ ನನಗೆ ಅರ್ಧ ಧೈರ್ಯ ಬಂತು.

ಹಾಗಾಗಿ ಅಕ್ಕಾ, ಒಬ್ಬರು ಹೊಂದದೆ ಇದ್ದರೆ ಕೌನ್ಸೆಲಿಂಗೇ ಸುಳ್ಳು ಅಂತ ತೀರ್ಮಾನಿಸಬೇಡಿ. ನಾನು ಮಾಡಿದ ತಪ್ಪು ಅದೇ.

ಕೆಲಸ ಕಳೆದುಕೊಂಡವನು:

ನನ್ನದು ಬೇರೆ ಸಂದರ್ಭ. ಹದಿನಾರು ವರ್ಷ ದುಡಿದ ಕಡೆ ವಿಭಾಗವನ್ನೇ ಮುಚ್ಚಿದರು. ಎರಡು ತಿಂಗಳು ಬೆಳಿಗ್ಗೆ ಎಂದಿನ ಹೊತ್ತಿಗೇ ಶರ್ಟ್ ಇಸ್ತ್ರಿ ಮಾಡಿ ಹಾಕಿಕೊಂಡು ಲೈಬ್ರರಿಗೆ ಹೋಗಿ ಕೂರುತ್ತಿದ್ದೆ. ಮಕ್ಕಳಿಗೆ ಹೇಳಿರಲಿಲ್ಲ.

ನಾನು ಹೋದದ್ದು ವೃತ್ತಿ ಮಾರ್ಗದರ್ಶಕರ ಹತ್ತಿರ. ಈ ಕೆಲಸಕ್ಕೆ ನೂರು ವರ್ಷಕ್ಕೂ ಮಿಗಿಲಾದ ಚರಿತ್ರೆ ಇದೆ ಅಂತ ಆಮೇಲೆ ಓದಿ ತಿಳಿದುಕೊಂಡೆ. 1908ರಲ್ಲಿ ಫ್ರಾಂಕ್ ಪಾರ್ಸನ್ಸ್ ಅನ್ನುವವರು ಬಾಸ್ಟನ್‌ನಲ್ಲಿ ಇದಕ್ಕಾಗಿಯೇ ಒಂದು ಕಚೇರಿ ತೆರೆದರು. ನಿನ್ನನ್ನು ನೀನು ತಿಳಿದುಕೋ, ಕೆಲಸಗಳ ಬಗ್ಗೆ ತಿಳಿದುಕೋ, ಆಮೇಲೆ ಎರಡನ್ನೂ ತಾಳೆ ಹಾಕು ಅನ್ನುವುದು ಅವರ ಲೆಕ್ಕ. ನನ್ನ ಜೊತೆ ನಡೆದದ್ದೂ ಹೆಚ್ಚುಕಡಿಮೆ ಅದೇ. ‘ನನಗೆ ಬರುವುದು ಆ ಒಂದು ಮಿಷನ್ ಮಾತ್ರ’ ಅಂದೆ. ಹದಿನಾರು ವರ್ಷದಲ್ಲಿ ಎಷ್ಟು ಹುಡುಗರಿಗೆ ಆ ಮಿಷನ್ ಕಲಿಸಿದ್ದೀರಿ ಅಂತ ಕೇಳಿದರು. ಎಣಿಸಿದೆ, ನಲವತ್ತಕ್ಕೂ ಜಾಸ್ತಿ. ಕಲಿಸುವುದೂ ನನಗೆ ಬರುವ ಕೆಲಸ ಅಂತ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಈಗ ಒಂದು ತರಬೇತಿ ಕೇಂದ್ರದಲ್ಲಿ ಹೇಳಿಕೊಡುತ್ತಿದ್ದೇನೆ. ಸಂಬಳ ಮೊದಲಿಗಿಂತ ಕಡಿಮೆ.

ಆ ಶರ್ಟಿನ ವಿಷಯ ಮಾತ್ರ ಅವರಿಗೂ ಹೇಳಲು ಆಗಲಿಲ್ಲ. ಮೊದಲ ಸಲ ಇಲ್ಲಿ ಹೇಳುತ್ತಿದ್ದೇನೆ.

ಆಪ್ತಸಮಾಲೋಚಕಿ:

ಹೇಳಿದ್ದು ಒಳ್ಳೆಯದಾಯಿತು ಸರ್. ಕೆಲಸ ಹೋದಾಗ ಸಂಬಳದ ಜೊತೆ ದಿನದ ಕ್ರಮವೂ ಹೋಗುತ್ತದೆ, ನಾನು ಯಾರು ಅನ್ನುವುದಕ್ಕೆ ಇದ್ದ ಉತ್ತರವೂ ಹೋಗುತ್ತದೆ. ಹೊಸ ಕೆಲಸ ಸಿಕ್ಕಿದ ಮೇಲೂ ಆ ದುಃಖ ಉಳಿದಿದ್ದರೆ ಅದನ್ನು ಬೇರೆಯಾಗಿ ಮಾತಾಡಿಕೊಳ್ಳುವುದರಲ್ಲಿ ತಪ್ಪೇನಿಲ್ಲ.

ಮನೆಯವನು:

ನನ್ನ ಹೆಂಡತಿಗೆ ಇದೇ ಪರಿಸ್ಥಿತಿ. ಹೋಗು ಅಂದರೆ ‘ನನಗೇನು ಹುಚ್ಚಾ?’ ಅಂತ ರೇಗುತ್ತಾಳೆ. ಹೇಗೆ ಹೇಳುವುದು?

ರಾತ್ರಿ ಪಾಳಿ ಸಿಸ್ಟರ್:

‘ಹೋಗು’ ಅನ್ನಬೇಡಪ್ಪಾ. ನಿನಗೆ ಏನೋ ಕೆಟ್ಟಿದೆ ಅಂತ ಕೇಳಿಸುತ್ತದೆ ಅದು. ‘ಮೂರು ವಾರದಿಂದ ನೀನು ಸರಿಯಾಗಿ ಮಲಗಿಲ್ಲ, ನನಗೆ ಕಾಣಿಸುತ್ತಿದೆ’ ಅಂತ ನೋಡಿದ್ದನ್ನು ಹೇಳು. ಒಂದೇ ಸಲ ಹೋಗಿ ನೋಡೋಣ, ನಾನು ಹೊರಗೆ ಕೂತಿರುತ್ತೇನೆ ಅನ್ನು. ಆ ಹೊತ್ತಿನಲ್ಲಿ ಮನೆ, ಮಕ್ಕಳು ನಿನ್ನ ಜವಾಬ್ದಾರಿ. ಬಂದ ಮೇಲೆ ಒಳಗೆ ಏನು ಮಾತಾಡಿದೆ ಅಂತ ಮಾತ್ರ ಕೇಳಬೇಡ.

ನಿದ್ದೆಗೆಟ್ಟವಳು:

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಇನ್ನೊಂದು ಅನುಮಾನ. ನಮ್ಮ ಕಂಪನಿಯಲ್ಲೇ ಒಂದು ಸಹಾಯವಾಣಿ ಇದೆ, ಫೋನ್ ಮಾಡಿದರೆ ಕೌನ್ಸೆಲರ್ ಸಿಗುತ್ತಾರೆ, ದುಡ್ಡಿಲ್ಲ. ಆದರೆ ದುಡ್ಡು ಕೊಡುವುದು ಕಂಪನಿ. ನಾನು ಮ್ಯಾನೇಜರ್ ಬಗ್ಗೆ ಹೇಳಿದ್ದು ಅವರ ಕಿವಿಗೆ ಬೀಳಲ್ವಾ?

ಎಚ್‌ಆರ್‌ನಲ್ಲಿದ್ದವಳು:

ಹನ್ನೆರಡು ವರ್ಷ ಆ ಕಡೆ ಕೂತು ಕೆಲಸ ಮಾಡಿದವಳು ನಾನು. ನಮ್ಮ ಕಡೆ ಇದ್ದ ವ್ಯವಸ್ಥೆ ಹೇಳುತ್ತೇನೆ. ಸಹಾಯವಾಣಿ ನಡೆಸುತ್ತಿದ್ದ ಹೊರಗಿನ ಸಂಸ್ಥೆಯಿಂದ ನಮಗೆ ಬರುತ್ತಿದ್ದದ್ದು ಮೂರು ತಿಂಗಳಿಗೊಂದು ಲೆಕ್ಕ. ಎಷ್ಟು ಜನ ಬಳಸಿದರು, ಯಾವ ಥರದ ತೊಂದರೆ ಜಾಸ್ತಿ, ಅಷ್ಟೇ. ಹೆಸರು ಬರುತ್ತಿರಲಿಲ್ಲ. ಹೆಸರು ಕೇಳಿದ ಮೇಲಿನವರನ್ನೂ ನೋಡಿದ್ದೇನೆ. ಅವರಿಗೆ ಸಿಗಲಿಲ್ಲ.

ಆದರೂ ಎಲ್ಲ ಕಡೆ ಹೀಗೇ ಅಂತ ನಂಬಿಕೊಂಡು ಕೂರಬೇಡಿ. ಮೊದಲ ಕರೆಯಲ್ಲೇ ಕೇಳಿ: ಕಂಪನಿಗೆ ಏನು ಹೋಗುತ್ತದೆ, ಟಿಪ್ಪಣಿ ಯಾರ ಹತ್ತಿರ ಇರುತ್ತದೆ, ಎಷ್ಟು ಭೇಟಿ ಉಚಿತ. ಇದನ್ನು ಬರವಣಿಗೆಯಲ್ಲಿ ಕೊಡಿ ಅಂತಲೂ ಕೇಳಬಹುದು. ನೀವಾಗಿ ಹೋಗುವುದು ಬೇರೆ, ಕಂಪನಿಯೇ ನಿಮ್ಮನ್ನು ಕಳಿಸುವುದು ಬೇರೆ. ಅವರೇ ಕಳಿಸಿದ್ದರೆ ಹೋದಿರಾ ಇಲ್ಲವಾ ಅನ್ನುವ ವರದಿ ವಾಪಸ್ ಹೋಗಬಹುದು, ಸಹಿ ಹಾಕುವ ಮೊದಲು ಕಾಗದ ಓದಿ. ಆಫೀಸಿನ ಲ್ಯಾಪ್‌ಟಾಪ್, ಆಫೀಸಿನ ಮೇಲ್ ಇದಕ್ಕೆ ಬಳಸಬೇಡಿ.

ಗುಟ್ಟಿಗೂ ಒಂದು ಗಡಿ ಇದೆ, ಅದೂ ಗೊತ್ತಿರಲಿ. ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಇದ್ದರೆ, ಕೋರ್ಟ್ ಕೇಳಿದರೆ, ಕೌನ್ಸೆಲರ್ ಬಾಯಿ ಬಿಡಬೇಕಾಗಬಹುದು. ಒಳ್ಳೆಯವರು ಅದನ್ನು ಮೊದಲ ದಿನವೇ ಹೇಳುತ್ತಾರೆ.

ನಿದ್ದೆಗೆಟ್ಟವಳು:

ಐದು ವಾರದ ಮೇಲೆ ಬರೆಯುತ್ತಿದ್ದೇನೆ. ಸಹಾಯವಾಣಿ ಬಿಟ್ಟು ಹೊರಗಿನವರನ್ನೇ ನೋಡಿದೆ. ಮೂರು ಭೇಟಿ ಆಗಿದೆ.

ಮೊದಲ ದಿನ ಅರ್ಧ ಹೊತ್ತು ಅತ್ತೆ. ತಡೆಯಲಿಲ್ಲ, ಅಳಬೇಡಿ ಅನ್ನಲೂ ಇಲ್ಲ. ಎರಡನೇ ಸಲ ಒಂದು ಹಾಳೆ ಕೊಟ್ಟು ನಡುವೆ ಗೆರೆ ಎಳೆಯಲು ಹೇಳಿದರು. ಎಡಕ್ಕೆ ನಡೆದದ್ದು, ಬಲಕ್ಕೆ ಆಗ ನನಗೆ ಅನ್ನಿಸಿದ್ದು. ಎಡಕ್ಕೆ ‘ನಾಳೆ ಮಾತಾಡಬೇಕು’ ಅಂತ ಬರೆದೆ. ಬಲಕ್ಕೆ ಬರೆಯುತ್ತಾ ಹೋದೆ, ಹಾಳೆ ತುಂಬಿ ಹಿಂದಕ್ಕೆ ತಿರುಗಿಸಬೇಕಾಯಿತು. ಅದನ್ನು ನೋಡಿದಾಗ ಏನೋ ಸಡಿಲವಾಯಿತು. ಆಮೇಲೆ ಮೀಟಿಂಗ್ ದಿನದ್ದು ಬರೆದೆ. ಅವತ್ತಿನದು ಎಡಗಡೆಯೇ ಉದ್ದ ಇತ್ತು. ‘ಇದು ನಿಮ್ಮ ಕಲ್ಪನೆ ಅಲ್ಲ’ ಅಂತ ಅವರು ಹೇಳಿದ್ದು ಅಷ್ಟೇ. ಎಂಟು ತಿಂಗಳಿಂದ ಆ ಒಂದು ಮಾತಿಗೆ ಕಾಯುತ್ತಿದ್ದೆ ಅನ್ನಿಸಿತು.

ಮೂರನೇ ಸಲ ಕೌನ್ಸೆಲರ್ ಮ್ಯಾನೇಜರ್ ಪಾತ್ರ ಮಾಡಿದರು, ನಾನು ನಾನೇ ಆದೆ. ಒಂದೇ ವಾಕ್ಯವನ್ನು ಆರು ಸಲ ಹೇಳಿ ಅಭ್ಯಾಸ ಮಾಡಿದೆ. ಮಾರನೇ ದಿನ ನಿಜವಾಗಿಯೂ ಹೇಳಿದೆ: ‘ಸರ್, ರಾತ್ರಿ ಮೆಸೇಜ್ ಹಾಕುವಾಗ ಯಾವ ವಿಷಯ ಅಂತ ಒಂದು ಪದ ಸೇರಿಸಿ, ತಯಾರಾಗಿ ಬರುತ್ತೇನೆ.’ ಧ್ವನಿ ನಡುಗಿತು. ಅವರು ಸ್ವಲ್ಪ ಹೊತ್ತು ನೋಡಿ ‘ಸರಿ’ ಅಂದರು. ಆಮೇಲೆ ಬಂದ ನಾಲ್ಕು ಮೆಸೇಜ್‌ಗಳಲ್ಲಿ ಮೂರರಲ್ಲಿ ವಿಷಯ ಇತ್ತು.

ಕೂಗಾಟ ನಿಂತಿಲ್ಲ. ಮೊನ್ನೆ ಮತ್ತೊಮ್ಮೆ ಆಯಿತು, ಈ ಸಲ ಬೇರೆ ಹುಡುಗನ ಮೇಲೆ. ಸಂಘದ ಅಣ್ಣ ಹೇಳಿದ ಹಾಗೆ ತಾರೀಕು, ಹೊತ್ತು, ಮಾತು ಬರೆದಿಟ್ಟೆ. ಸಂಜೆ ಆ ಹುಡುಗನ ಹತ್ತಿರ ಹೋಗಿ ನಾನೂ ನೋಡಿದ್ದೇನೆ, ಬರೆದುಕೊಂಡಿದ್ದೇನೆ ಅಂದೆ. ಅವನು ತನ್ನ ಫೋನ್ ತೆಗೆದು ತೋರಿಸಿದ. ಅವನೂ ಬರೆದಿಟ್ಟಿದ್ದ, ನನಗೆ ಕೂಗಿದ ಆ ಎರಡು ದಿನಗಳನ್ನೂ ಸೇರಿಸಿ.

ದೂರು ಕೊಡುವುದಾ, ಬೇರೆ ವಿಭಾಗ ಕೇಳುವುದಾ, ಇನ್ನೂ ತೀರ್ಮಾನಿಸಿಲ್ಲ. ನಾಲ್ಕನೇ ಭೇಟಿ ಬುಧವಾರ ಇದೆ. ಅದನ್ನೇ ಮಾತಾಡಬೇಕು ಅಂತ ಇಟ್ಟುಕೊಂಡಿದ್ದೇನೆ.

ಸಂಘದ ಕಡೆಯವನು:

ಇಬ್ಬರೂ ಸೇರಿ ಕೊಡುವ ದೂರಿಗೆ ತೂಕ ಜಾಸ್ತಿ ಅಮ್ಮಾ. ಬುಧವಾರ ಮಾತಾಡಿ ಬನ್ನಿ. ಕರಡು ಬರೆಯುವುದಿದ್ದರೆ ನಾನು ನೋಡಿಕೊಡುತ್ತೇನೆ.

ರಾತ್ರಿ ಪಾಳಿ ಸಿಸ್ಟರ್:

ನಿದ್ದೆ ಹೇಗಿದೆ ತಂಗೀ?

ನಿದ್ದೆಗೆಟ್ಟವಳು:

ಭಾನುವಾರ ಇನ್ನೂ ಕಷ್ಟ ಅಕ್ಕಾ. ಉಳಿದ ದಿನ ಐದು ಗಂಟೆ ಬರುತ್ತಿದೆ. ರಕ್ತ ಪರೀಕ್ಷೆಗೂ ಕೊಟ್ಟಿದ್ದೇನೆ, ನಾಳೆ ರಿಪೋರ್ಟ್.